ನಬೀಸಾಬರ ಬಂದೂಕಿಗೆ ದುರ್ಬೀನು

ಸುಲೇಪೇಟದ ನಬೀಸಾಬರಿಗೆ ಎರಡು ಕಸುಬು. ಮನೆಗಳಿಗೆ ಶಹಾಬಾದ್ ಕಲ್ಲಿನ ನೆಲ ಹಾಸುವುದು ಒಂದು, ಹೊಲಕ್ಕೆ ನುಗ್ಗುವ ಕಾಡುಹಂದಿ ಹೊಡೆಯುವುದು ಇನ್ನೊಂದು. ಮೊದಲನೆಯದು ಹೊಟ್ಟೆಗೆ. ಎರಡನೆಯದು ಯಾತಕ್ಕೆ ಎಂದು ಯಾರಾದರೂ ಕೇಳಿದರೆ ನಗುತ್ತಿದ್ದರು. ಗುಂಡಿನ ಖರ್ಚು ಬಿಟ್ಟರೆ ರೈತರಿಂದ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಿದ್ದ ಹಂದಿಯನ್ನಂತೂ ಕಾಲಿನಿಂದಲೂ ಮುಟ್ಟುತ್ತಿರಲಿಲ್ಲ.

"ನಮಗ ಅದು ಹರಾಮ್. ನಾ ಹೊಡೆದು ಹೋಗ್ತೀನಿ, ಮುಂದಿಂದು ನೀವ್ ನೋಡ್ಕೊರಿ" ಎಂದು ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿಗೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು.

ಬಂದೂಕು ಅವರ ತಂದೆಯದು. ಮುನ್ನೂರ ಹದಿನೈದು ಬೋರಿನ ರೈಫಲ್ಲು. ತಂದೆ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕಾವಲಿದ್ದವರು. ಅವರು ತೀರಿಕೊಂಡ ಮೇಲೆ ಲೈಸೆನ್ಸು ಮಗನ ಹೆಸರಿಗೆ ಬಂತು. ನಬೀಸಾಬರೂ ಅದೇ ಖಣಿಯಲ್ಲಿ ಹದಿನಾರನೆಯ ವಯಸ್ಸಿಗೇ ಉಳಿ ಹಿಡಿದವರು. ಕಲ್ಲಿನ ಪದರಕ್ಕೆ ಕಿವಿಯಿಟ್ಟು, ಎಲ್ಲಿ ಬಡಿದರೆ ಎಲ್ಲಿಯ ತನಕ ಸೀಳುತ್ತದೆಂದು ಹೇಳುತ್ತಿದ್ದರಂತೆ. ಮದುವೆಯಾದ ಮೇಲೆ ಹೆಂಡತಿ ನಜಮುನ್ನೀಸಾಳ ಊರಾದ ಸುಲೇಪೇಟಕ್ಕೆ ಬಂದು ನೆಲ ಹಾಸುವ ಕೆಲಸಕ್ಕೆ ನಿಂತರು. ಚಿಂಚೋಳಿ, ಕೊಡ್ಲಿ, ಸೇಡಂ ಕಡೆಯ ನೂರಾರು ಮನೆಗಳ ಪಡಸಾಲೆಯಲ್ಲಿ ಅವರು ಕೂಡಿಸಿದ ಕಲ್ಲುಗಳಿವೆ. ಎರಡು ಕಲ್ಲಿನ ನಡುವಿನ ಸಂದಿಯಲ್ಲಿ ಹತ್ತಿಯ ದಾರ ಎಳೆದು ನೋಡಿದರೆ ದಾರ ಒಂದೆಳೆಯೂ ಆಚೀಚೆ ಸರಿಯುತ್ತಿರಲಿಲ್ಲ.

ಹಂದಿಯ ವಿಷಯದಲ್ಲೂ ಅವರು ಅಷ್ಟೇ ನಿಖರ. ರೈತ ಅರಣ್ಯ ಇಲಾಖೆಯ ಪರವಾನಗಿ ಕಾಗದ ತೋರಿಸುವ ತನಕ ಚೀಲದ ದಾರ ಬಿಚ್ಚುತ್ತಿರಲಿಲ್ಲ. ಮೊದಲು ಹೊಲದವರ ಮನೆಗೆ ಹೋಗಿ, ಚಹಾ ಕುಡಿದು, "ಇವತ್ತ ಹೊತ್ತು ಮುಳುಗಿದ ಮ್ಯಾಲ ಯಾರೂ ತೊಗರಿಯಾಗ ಕಾಲಿಡಬ್ಯಾಡ್ರಿ" ಎಂದು ಮನೆಮಂದಿಗೆಲ್ಲ ಹೇಳಿಯೇ ಅಟ್ಟಣಿಗೆ ಹತ್ತುತ್ತಿದ್ದರು. ಅಲುಗಾಟಕ್ಕೆ ಗುಂಡು ಹಾಕಬಾರದು, ಮೂತಿ ಮತ್ತು ಕಿವಿ ಎರಡೂ ಕಂಡ ಮೇಲೇ ಬಂದೂಕಿನ ಕುದುರೆ ಎಳೆಯಬೇಕು. ಇದು ತಂದೆ ಕಲಿಸಿದ್ದು. ಇಪ್ಪತ್ತಾರು ವರ್ಷ ಅವರು ಅದನ್ನು ಮೀರಿರಲಿಲ್ಲ.

ಅರವತ್ತೊಂದು ತುಂಬಿದ ವರ್ಷ ಚಿಂಚೋಳಿಯ ಒಂದು ಮನೆಯಲ್ಲಿ ಹಾಸಿದ ನೆಲ ಸೊಟ್ಟಗಾಯಿತು.

ಮನೆಯ ಯಜಮಾನ ಏನೂ ಅನ್ನಲಿಲ್ಲ. ಅವನಿಗೆ ಅದು ಗೊತ್ತೂ ಆಗಿರಲಿಲ್ಲ. ನಬೀಸಾಬರೇ ಕೆಲಸ ಮುಗಿಸಿ ಬಾಗಿಲಲ್ಲಿ ನಿಂತು ತಿರುಗಿ ನೋಡಿದಾಗ ಸಾಲು ಮೂಲೆಗೆ ಹೋಗುತ್ತ ಹೋಗುತ್ತ ಒಂದು ಬೆರಳು ಎಡಕ್ಕೆ ವಾಲಿತ್ತು. ಬಲಗಣ್ಣು ಮುಚ್ಚಿ ನೋಡಿದರು, ವಾಲಿದ್ದು ಸ್ಪಷ್ಟವಾಗಿ ಕಂಡಿತು. ಎಡಗಣ್ಣು ಮುಚ್ಚಿ ನೋಡಿದರು. ಮಜ್ಜಿಗೆ ಬೆರೆಸಿದ ನೀರಿನೊಳಗಿಂದ ನೋಡಿದ ಹಾಗೆ ಕಲ್ಲುಗಳೆಲ್ಲ ಒಂದರೊಳಗೊಂದು ಕಲಸಿಹೋಗಿದ್ದವು.

ಸೇಡಂನಲ್ಲಿ ಕಣ್ಣಿನ ತಪಾಸಣೆಯ ಶಿಬಿರ ನಡೆದಾಗ ಯಾರಿಗೂ ಹೇಳದೆ ಬಸ್ಸು ಹತ್ತಿದರು. ಭಾಗ್ಯಶ್ರೀ ಎಂಬ ನರ್ಸಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಅಜ್ಜಾರ, ಬಲಗಣ್ಣಿಗಿ ಮೋತಿಬಿಂದು, ಪೊರಿ, ಭಾಳ ಬಲತದ. ಕಲಬುರಗಿಗಿ ಹೋಗಿ ಆಪರೇಶನ್ ಮಾಡಸ್ರಿ, ಒಂದೇ ದಿನದ ಕೆಲಸ" ಎಂದು ಚೀಟಿ ಬರೆದುಕೊಟ್ಟಳು. ನಬೀಸಾಬರು ಆ ಚೀಟಿಯನ್ನು ನಾಲ್ಕು ಮಡಿಕೆ ಮಡಚಿ, ಬಂದೂಕಿನ ಲೈಸೆನ್ಸು ಪುಸ್ತಕದ ರಟ್ಟಿನೊಳಗೆ ತುರುಕಿದರು. ಅವರ ಅಣ್ಣ ಚಾಂದ್ ಮೂವತ್ತು ವರ್ಷದ ಹಿಂದೆ ಇಂಥದೇ ಆಪರೇಶನ್ ಮಾಡಿಸಿಕೊಂಡು, ಕೀವಾಗಿ, ಆ ಕಣ್ಣನ್ನೇ ಕಳೆದುಕೊಂಡಿದ್ದ. ಅಣ್ಣನ ಖಾಲಿ ರೆಪ್ಪೆಯನ್ನು ದಿನಾ ನೋಡಿದವರಿಗೆ ಒಂದೇ ದಿನದ ಕೆಲಸ ಎಂಬ ಮಾತು ಧೈರ್ಯ ಕೊಡಲಿಲ್ಲ.

ಆ ಮಳೆಗಾಲ ಮುಗಿದ ಮೇಲೆ ಕೊಡ್ಲಿಯ ಸೂಗಪ್ಪನ ಹೊಲದಲ್ಲಿ ಗುಂಡು ಹಂದಿಯ ಸೊಂಟಕ್ಕೆ ಬಿತ್ತು. ಹಂದಿ ಸಾಯಲಿಲ್ಲ. ರಕ್ತ ಸುರಿಸುತ್ತ ಹಳ್ಳದ ಕಡೆ ಓಡಿಹೋಗಿ, ಬೆಳಿಗ್ಗೆ ನೀರಿಗೆ ಬಿಟ್ಟ ಸೂಗಪ್ಪನ ಎತ್ತಿನ ಹೊಟ್ಟೆ ಸೀಳಿತು.

"ಗಾಳಿ ಇತ್ತು" ಎಂದರು ನಬೀಸಾಬರು.

ಸೂಗಪ್ಪ ಒಳ್ಳೆಯ ಮನುಷ್ಯ. ಎದುರು ಮಾತಾಡಲಿಲ್ಲ. ಅವನ ಹೆಂಡತಿ ಮಹಾದೇವಮ್ಮ ಮಾತ್ರ ಚಹಾದ ಕಪ್ಪು ಕೊಡುತ್ತ ಅವರ ಮುಖವನ್ನೇ ನೋಡಿ, "ನಬೀಸಾಬಣ್ಣಾ, ಕಪ್ಪು ಇಲ್ಲಿ ಅದ, ನೀವು ಅಲ್ಲಿ ಕೈ ಚಾಚ್ಲಾಕತ್ತೀರಿ. ಕಣ್ಣು ಸರಿ ಅವಿಲ್ಲೋ?" ಎಂದಳು.

"ಸರಿ ಅವ ತಂಗಿ. ಬಂದೂಕಿನ ಮಖ್ಖಿ ಸವದದ. ಅದಕ್ಕೊಂದು ದುರ್ಬೀನು ಹಾಕಸ್ತೀನಿ."

ಬಂದೂಕಿನ ತುದಿಯ ಗುರಿ ಹಿಡಿಯುವ ಮೊಳೆಗೆ ಮಖ್ಖಿ ಎನ್ನುತ್ತಾರೆ. ಅದು ಸವೆದಿರಲಿಲ್ಲ. ಆದರೆ ಬಾಯಿಗೆ ಬಂದ ಆ ಸುಳ್ಳು ಅವರಿಗೇ ಹಿಡಿಸಿತು. ಹೌದಲ್ಲ, ಕಣ್ಣಿಗೆ ಕತ್ತಿ ಹಾಕಿಸುವ ಬದಲು ಬಂದೂಕಿಗೇ ಕಣ್ಣು ಹಾಕಿಸಿದರಾಯಿತು ಎಂದುಕೊಂಡು ಮನೆಗೆ ಹೋದರು.

ಮರುವಾರ ಕಲಬುರಗಿಯ ಬಂದೂಕಿನ ಅಂಗಡಿಗೆ ಹೋದರು. ಅಂಗಡಿಯವನು ಗಾಜಿನ ಕಪಾಟಿನಿಂದ ಒಂದು ಕಪ್ಪು ಕೊಳವೆ ತೆಗೆದು ಮಖಮಲ್ ಬಟ್ಟೆಯ ಮೇಲಿಟ್ಟ. ಬೆಲೆ ಇಪ್ಪತ್ತಾರು ಸಾವಿರ. ನಬೀಸಾಬರು ಅದನ್ನು ಮುಟ್ಟಲೂ ಇಲ್ಲ.

"ಕಮ್ಮೀದು ತೋರಸ್ರಿ."

"ಕಮ್ಮೀದು ಇಡಂಗಿಲ್ಲ ಚಾಚಾ. ಅವೆಲ್ಲ ಛರ್ರಾ ಬಂದೂಕಿನವು, ಹುಡುಗರು ಡಬ್ಬಿಗಿ ಹೊಡಿತಾರಲ್ಲ, ಅದಕ್ಕ. ನಿಮ್ಮ ರೈಫಲ್ಲು ಹೊಡೆದಾಗ ಕತ್ತೆ ಒದ್ದಂಗ ಒದಿತದ. ಆ ಒದಿತಕ್ಕ ಒಳಗಿನ ಕಾಜು, ಗಾಜಿನ ಬಿಲ್ಲಿ, ಸಡ್ಲ ಆಗ್ತಾವ. ಇವತ್ತ ಇಲ್ಲಿ ಬಿದ್ದ ಗುಂಡು ನಾಳಿಗಿ ಅಲ್ಲಿ ಬೀಳ್ತದ." ಅಂಗಡಿಯವನು ಸಮಾಧಾನದಿಂದ ಇನ್ನೂ ಹೇಳಿದ. ಸಂಜೆಯ ಬೇಟೆಗೆ ಮುಂದಿನ ಗಾಜು ಅಗಲ ಇರಬೇಕು, ಕಣ್ಣಿಗೂ ಕೊಳವೆಗೂ ನಾಲ್ಕು ಬೆರಳಾದರೂ ದೂರ ಇರಬೇಕು, ಹಿಗ್ಗಿಸಿದಷ್ಟೂ ಬೆಳಕು ಕಡಿಮೆಯಾಗುತ್ತದೆ, ಅದಕ್ಕೇ ಕಡಿಮೆ ಹಿಗ್ಗುವುದೇ ಒಳ್ಳೆಯದು. ಕೊನೆಗೆ, "ಎಲ್ಲಕ್ಕಿಂತ ಮೊದಲ ಕಣ್ಣು ತೋರಸ್ರಿ. ಕಾಜು ಎಷ್ಟ ಛಲೋ ಇದ್ರೂ ನೋಡೋದು ಕಣ್ಣೇ ಅಲ್ರಿ?" ಎಂದ.

ನಬೀಸಾಬರು ಬಂದ ದಾರಿಯಲ್ಲೇ ಶಹಾಬಾದಿಗೆ ಇಳಿದರು. ಅಲ್ಲಿ ಅವರ ತಂಗಿಯ ಮಗ ತೌಸೀಫನ ಮೊಬೈಲ್ ಅಂಗಡಿ ಇತ್ತು. ತೌಸೀಫ್ ಫೋನಿನಲ್ಲಿ ಸರಸರ ಬೆರಳಾಡಿಸಿ ದುರ್ಬೀನುಗಳ ಸಂತೆಯನ್ನೇ ತೆರೆದಿಟ್ಟ. ಒಂಬೈನೂರಕ್ಕೆ ಒಂದು ಸಣ್ಣ ಕೊಳವೆ. ಎರಡು ಸಾವಿರಕ್ಕೆ ಇನ್ನೊಂದು. ಮೂರು ಸಾವಿರದ ಇನ್ನೂರಕ್ಕೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ ದೊಡ್ಡದೊಂದು, ಒಳಗೆ ಕೆಂಪು ಹಸಿರು ದೀಪ ಬೇರೆ.

"ಮಾಮೂ, ಇದಕ್ಕ ನಾಕೂವರಿ ಸ್ಟಾರ್ ಕೊಟ್ಟಾರ ಜನ."

"ಯಾವ ಬಂದೂಕಿಗಿ ಹಾಕಿ ಕೊಟ್ಟಾರ ನೋಡು."

ತೌಸೀಫ್ ಓದಿದ. "ಒಬ್ಬಾಂವ ಬರದಾನ, ಪಾರಿವಾಳ ಕಂಡ್ವು ಅಂತ. ಇನ್ನೊಬ್ಬಾಂವ ಬರದಾನ, ಪ್ಯಾಕಿಂಗ್ ಛಲೋ ಅದ ಅಂತ. ಇನ್ನೊಬ್ಬಾಂವ…" ಎಂದು ನಿಲ್ಲಿಸಿದ. "ದೊಡ್ಡ ರೈಫಲ್ಲಿಗಿ ಹಾಕಬ್ಯಾಡ್ರಿ, ನಾಕು ಹೊಡಿತಕ್ಕ ಗುರಿ ಕೆಟ್ಟದ ಅಂತ ಬರದಾನ."

ನಬೀಸಾಬರು ಫೋನು ಇಸಿದುಕೊಂಡು ಆ ಚಿತ್ರವನ್ನು ಇನ್ನೊಮ್ಮೆ ನೋಡಿದರು. ನಂತರ, "ಒಬ್ಬಾಂವ ಅಲ್ಲ? ಉಳದವ್ರು ಛಲೋ ಅದ ಅಂದಾರಲ್ಲ? ತರಸು" ಎಂದರು.

ಎಂಟನೆಯ ದಿನಕ್ಕೆ ಪೆಟ್ಟಿಗೆ ಬಂತು. ಬಂದೂಕಿನ ಮೇಲೆ ಅದನ್ನು ಕೂಡಿಸಲು ಕಬ್ಬಿಣದ ಪಟ್ಟಿ, ಎರಡು ಬಳೆ ಬೇಕಿತ್ತು. ಅದಕ್ಕೆ ವಾಡಿಯ ಕಾಶೀನಾಥನ ಲೇತ್ ಮಷಿನ್ನಿನ ವರ್ಕ್‌ಶಾಪಿಗೆ ಹೋದರು. ಕಾಶೀನಾಥ ಅಲ್ಪ ಮಾತಿನವನು, ಒಂದು ಕೂದಲಿನಷ್ಟು ಲೋಹ ಹೆಚ್ಚಾದರೂ ಮತ್ತೆ ತಿರುವುವವನು. ಪಟ್ಟಿ ಕೂಡಿಸಿ, ಇಬ್ಬರೂ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯ ತಳಕ್ಕೆ ಇಳಿದು, ನೂರು ಹೆಜ್ಜೆ ದೂರದ ಗೋಡೆಗೆ ಸುಣ್ಣದಲ್ಲಿ ಗುರುತು ಮಾಡಿದರು.

ಮೊದಲ ಗುಂಡಿಗೇ ದುರ್ಬೀನಿನ ಅಂಚು ಹಿಂದಕ್ಕೆ ಬಂದು ನಬೀಸಾಬರ ಬಲಹುಬ್ಬಿಗೆ ಬಡಿಯಿತು. ಅರ್ಧಚಂದ್ರದ ಹಾಗೆ ಚರ್ಮ ಕತ್ತರಿಸಿ ರಕ್ತ ಕಣ್ಣಿಗೆ ಇಳಿಯಿತು. ರಕ್ತವನ್ನು ತೋಳಿಗೆ ಒರೆಸಿಕೊಂಡು ಮತ್ತೆರಡು ಹೊಡೆದರು. ಕಾಶೀನಾಥ ತಿರುಪು ತಿರುಗಿಸಿ, ಮೂರನೆಯ ಗುಂಡನ್ನು ಗುರುತಿನ ಹತ್ತಿರಕ್ಕೆ ತಂದ.

"ಒಳಗೆಲ್ಲ ಹಾಲು ತುಂಬಿದಂಗ ಅದ" ಎಂದರು ನಬೀಸಾಬರು. "ಮೂರು ಸಾವಿರಕ್ಕ ಇನ್ನೆಂಥಾ ಕಾಜು ಕೊಡ್ತಾರ."

ಕಾಶೀನಾಥ ಬಂದೂಕು ಇಸಿದುಕೊಂಡು ಕಣ್ಣಿಟ್ಟ. ಎದುರಿನ ಗೋಡೆ, ಅದರ ಮೇಲೆ ಬೆಳೆದ ಹುಲ್ಲು, ಹುಲ್ಲಿನ ಮೇಲೆ ಕೂತ ಹಕ್ಕಿ ಎಲ್ಲವನ್ನೂ ನಿಧಾನ ನೋಡಿದ.

"ನನಗ ಛಲೋ ಕಾಣ್ಲಾಕತ್ತದಲ್ರಿ ಚಾಚಾ. ಹಕ್ಕಿ ಕೊಕ್ಕಿನಾಗ ಹುಳಾ ಅದ, ಅದೂ ಕಾಣ್ತದ."

ಖಣಿಯ ತಳದಲ್ಲಿ ನಿಂತ ಹಸಿರು ನೀರಿನ ಮೇಲೆ ಒಂದು ಕಲ್ಲಿನ ಚೂರು ತಾನಾಗಿ ಜಾರಿ ಬಿತ್ತು. ನಬೀಸಾಬರು ಬಂದೂಕು ವಾಪಸ್ಸು ತೆಗೆದುಕೊಂಡು ಇನ್ನೊಮ್ಮೆ ನೋಡಿ, "ಹೂಂ, ಈಗ ನನಗೂ ಛಲೋ ಕಂಡ್ತು" ಎಂದರು. ಅವರಿಗೆ ಕಂಡದ್ದು ಹಾಲು. ಅದರ ನಡುವೆ ಕಪ್ಪು ಗೆರೆಯ ಒಂದು ಕೂಡುಗುರುತು.

ಮೇಲೆ ಹತ್ತಿಬಂದ ಮೇಲೆ ಕಾಶೀನಾಥ ಹೇಳಿದ: "ಇದರ ಕಾಜು ಗೋಂದಿನ ಮ್ಯಾಲ ಕುಂತದ ಚಾಚಾ. ಬೈಕಿನ ಮ್ಯಾಲ ಕುಣಿದ್ರೂ ಸರಿತದ. ಪ್ರತಿ ಸಲ ಹೊಲಕ್ಕ ಹೋಗೋಕಿಂತ ಮೊದಲ ಒಂದು ಗುಂಡು ಹೊಡೆದು ನೋಡ್ಕೊರಿ."

ಉಳಿದ ಗುಂಡುಗಳು ಐದು. ಒಂದನ್ನು ನೋಡಿಕೊಳ್ಳುವುದಕ್ಕೆ ಹಾಳು ಮಾಡಲು ಅವರಿಗೆ ಮನಸ್ಸಾಗಲಿಲ್ಲ.

ಮನೆಯಲ್ಲಿ ನಜಮುನ್ನೀಸಾ ಹುಬ್ಬಿನ ಗಾಯಕ್ಕೆ ಅರಿಶಿನ ಹಚ್ಚುತ್ತ, "ಇದೇನ್ರಿ?" ಎಂದು ಕೇಳಿದಳು. ಕಲ್ಲಿನ ಚೂರು ಸಿಡಿಯಿತು ಎಂದರು. ನಲವತ್ತು ವರ್ಷ ಕಲ್ಲಿನವನ ಹೆಂಡತಿಯಾಗಿದ್ದವಳಿಗೆ ಕಲ್ಲಿನ ಚೂರು ಇಷ್ಟು ದುಂಡಗೆ ಕೊಯ್ಯುವುದಿಲ್ಲವೆಂದು ಗೊತ್ತಿತ್ತು. ಅವಳು ಹೆಚ್ಚು ಕೇಳಲಿಲ್ಲ. ಆ ರಾತ್ರಿಯಿಂದ ಮಾತ್ರ ಬಂದೂಕು ಇಟ್ಟ ಮೂಲೆಯಲ್ಲಿ ಕಸ ಗುಡಿಸುವಾಗ ಅವಳ ಕೈ ತಡೆಯುತ್ತಿತ್ತು. ಮನೆಯೊಳಗೆ ಹೊಸ ಪ್ರಾಣಿಯೊಂದು ಬಂದು ಮಲಗಿದ ಹಾಗೆ ಅನಿಸುತ್ತದೆ ಎಂದು ನೆರೆಯ ಚಾಂದಬೀಗೆ ಹೇಳಿದಳಂತೆ.

ಡಿಸೆಂಬರಿನ ಎರಡನೆಯ ವಾರ ಸೂಗಪ್ಪನ ಫೋನು ಬಂತು. ತೊಗರಿ ಕಾಯಿ ಬಲಿತಿತ್ತು, ಗಿಡ ಆಳೆತ್ತರ ನಿಂತಿತ್ತು. "ಹದಿನೈದು ಹಂದಿ ಅವರ್ರಿ. ಎರಡು ಎಕರೆ ನೆಲಸಮ ಮಾಡ್ಯಾವ. ಕಾಗದ ತಂದೀನಿ. ನಾಳೆ ಸಂಜೀಗಿ ಬರ್ರಿ."

ಮರುದಿನ ನಾಲ್ಕರ ಹೊತ್ತಿಗೆ ನಬೀಸಾಬರು ಹೊರಟರು. ಕೊಡ್ಲಿಯ ಹತ್ತಿರ ದಾರಿ ಎರಡಾಗುತ್ತದೆ. ಒಂದು ಸೂಗಪ್ಪನ ಮನೆಯ ಮುಂದೆ ಹೋಗುತ್ತದೆ, ಇನ್ನೊಂದು ಹಳ್ಳ ದಾಟಿ ಹೊಲದ ಹಿಂಬದಿಗೆ. ಇಪ್ಪತ್ತಾರು ವರ್ಷ ಅವರು ಮನೆಯ ದಾರಿಯನ್ನೇ ಹಿಡಿದವರು. ಆವತ್ತು ಅಲ್ಲಿ ಬೈಕು ನಿಲ್ಲಿಸಿ ಯೋಚಿಸಿದರು. ಮನೆಗೆ ಹೋದರೆ ಮಹಾದೇವಮ್ಮ ಚಹಾ ಕೊಡುತ್ತಾಳೆ. ಕಪ್ಪು ಎಲ್ಲಿದೆಯೆಂದು ತಡಕಾಡಬೇಕು. ಹುಬ್ಬಿನ ಗಾಯ ನೋಡುತ್ತಾಳೆ, ಆಮೇಲೆ ಕಣ್ಣು ನೋಡುತ್ತಾಳೆ. ಅವರು ಹಳ್ಳದ ದಾರಿಗೆ ಗಾಲಿ ತಿರುಗಿಸಿದರು. ಸೂಗಪ್ಪನಿಗೆ ಗೊತ್ತೇ ಇದೆಯಲ್ಲ, ಅವನೇ ಮನೆಯವರಿಗೆ ಹೇಳಿರುತ್ತಾನೆ ಎಂದು ತಮಗೆ ತಾವೇ ಹೇಳಿಕೊಂಡರು. ಹಳ್ಳದ ದಾರಿ ಬರೀ ಉರುಟು ಕಲ್ಲು. ಬೆನ್ನಿಗೆ ಕಟ್ಟಿದ ಬಂದೂಕು ಪ್ರತಿ ಕುಣಿತಕ್ಕೂ ಸೀಟಿನ ಕಬ್ಬಿಣಕ್ಕೆ ಬಡಿಯುತ್ತಿತ್ತು.

ಸೂಗಪ್ಪ ಹೇಳಿರಲಿಲ್ಲ. ನಬೀಸಾಬರು ಬಂದು ಹೇಗೂ ಹೇಳುತ್ತಾರೆ ಎಂದುಕೊಂಡು ಅವನು ಬೀಜದ ಕೆಲಸಕ್ಕೆ ಸುಲೇಪೇಟಕ್ಕೆ ಹೋಗಿದ್ದ.

ಅಟ್ಟಣಿಗೆಯ ಮೇಲೆ ಕೂತಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಹೊಲ ಹಳದಿ ಬೂದಿ ಬಣ್ಣದಲ್ಲಿ ಅಲುಗದೆ ನಿಂತಿತ್ತು. ಗಿಳಿಗಳು ಎದ್ದು ಹೋದವು. ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ನಿಂತ ಮೇಲೆ ಉಳಿದದ್ದು ಒಣಗಿದ ಎಲೆಯ ಸದ್ದೊಂದೇ. ಸೂರ್ಯ ಮುಳುಗಿದ. ಆಕಾಶದಲ್ಲಿ ಬೆಳಕಿತ್ತು, ನೆಲದ ಮೇಲೆ ಇರಲಿಲ್ಲ. ಆಗ ಎಡಗಡೆಯ ಸಾಲಿನಲ್ಲಿ ತೊಗರಿ ಗಿಡಗಳು ಒಂದಾದ ಮೇಲೊಂದು ನಡುಗಿದವು. ಕಾಯಿ ಒಡೆಯುವ ಚಟಚಟ ಸದ್ದು ಕೇಳಿತು. ಏನೋ ಉಸಿರು ಬಿಡುತ್ತ, ತಗ್ಗಾಗಿ, ನಿಂತು ನಿಂತು ಬರುತ್ತಿತ್ತು.

ನಬೀಸಾಬರು ದುರ್ಬೀನಿಗೆ ಕಣ್ಣಿಟ್ಟರು. ಹಾಲಿನೊಳಗೆ ಒಂದು ಕಪ್ಪು ಬೆನ್ನು ಕಂಡಿತು. ದುಂಡಗೆ, ದೊಡ್ಡದಾಗಿ. ಇನ್ನೂ ಹತ್ತಿರ ಕಾಣಲೆಂದು ದುರ್ಬೀನಿನ ಹಿಗ್ಗಿಸುವ ಬಳೆ ತಿರುಗಿಸಿ ಒಂಬತ್ತಕ್ಕೆ ತಂದರು. ಬೆನ್ನು ಹಿಗ್ಗಿತು, ಹಾಲೂ ಹಿಗ್ಗಿತು. ಮೂತಿ ಎಲ್ಲಿ? ಕಿವಿ ಎಲ್ಲಿ? ಎಡತುದಿಯಲ್ಲಿ ಏನೋ ಚೂಪಾದದ್ದು ಅಲುಗಿತು. ಅದೇ ಮೂತಿ ಎಂದುಕೊಂಡರು. ಕಿವಿಯನ್ನು ಅವರು ನೋಡಲಿಲ್ಲ. ಎತ್ತಿನ ಹೊಟ್ಟೆ, ಮಹಾದೇವಮ್ಮನ ಕಪ್ಪು, ಖಣಿಯ ಹಕ್ಕಿ ಎಲ್ಲ ಒಮ್ಮೆಗೇ ನೆನಪಾಗಿ, ಇದೊಂದು ಬಿದ್ದರೆ ಯಾರೂ ಏನೂ ಕೇಳುವುದಿಲ್ಲ ಎಂಬ ಆತುರ ಬೆರಳಿಗೆ ಬಂತು. ಗೆರೆಯ ಕೂಡುಗುರುತನ್ನು ಬೆನ್ನಿನ ನಟ್ಟನಡುವೆ ಇಟ್ಟು ಕುದುರೆ ಎಳೆದರು.

ಸದ್ದು ಹೊಲದ ಆಚೆ ತುದಿಗೆ ಹೋಗಿ ತಿರುಗಿ ಬಂತು.

ಹಂದಿ ಓಡಲಿಲ್ಲ. ಹಂದಿ ಎದ್ದು ನಿಂತಿತು. ಎರಡು ಕಾಲ ಮೇಲೆ ನಿಂತು, ಎರಡು ಕೈ ಎತ್ತಿ, ತಲೆಯ ಮೇಲಿನ ಕರಿ ಕಂಬಳಿಯನ್ನು ಹಿಂದಕ್ಕೆ ಸರಿಸಿತು.

"ಯವ್ವಾ! ಯಾರದು? ನಬೀಸಾಬಣ್ಣಾ ಏನು? ನೀವು ಬಂದೀರೇನು? ಹಂದಿ ಬಿತ್ತೇನ್ರಿ?"

ಮಹಾದೇವಮ್ಮನ ಎಮ್ಮೆಕರು ಹಗ್ಗ ಹರಿದುಕೊಂಡು ತೊಗರಿಗೆ ನುಗ್ಗಿತ್ತು. ಚಳಿಗೆ ಕಂಬಳಿ ಹೊದ್ದು, ಬಾಗಿ, ಗಿಡಗಳ ಬುಡದಲ್ಲಿ ಅದರ ಹೆಜ್ಜೆ ಹುಡುಕುತ್ತ ಅವಳು ಬಂದಿದ್ದಳು. ಗುಂಡು ತನ್ನ ಹಿಂದೆ ಇದ್ದ ಯಾವುದೋ ಹಂದಿಗೆ ಹಾರಿತೆಂದೇ ಅವಳು ತಿಳಿದಳು.

ನಬೀಸಾಬರು ಅಟ್ಟಣಿಗೆಯಿಂದ ಹೇಗೆ ಇಳಿದರೋ ಅವರಿಗೇ ನೆನಪಿಲ್ಲ. ಅವಳು ಹತ್ತಿರ ಬಂದು, "ಯಾಕ್ರಿ, ಹಿಂಗ್ಯಾಕ ನಡಗ್ಲಾಕತ್ತೀರಿ? ಚಳಿ ಹತ್ತೇನು?" ಎಂದು ತನ್ನ ಕಂಬಳಿಯನ್ನೇ ಅವರ ಹೆಗಲಿಗೆ ಹಾಕಿದಳು.

"ತಪ್ತು" ಎಂದರು ಅವರು.

ಮೂರು ದಿನ ಅವರು ಕೆಲಸಕ್ಕೆ ಹೋಗಲಿಲ್ಲ. ಸೂಗಪ್ಪ ಎರಡು ಸಲ ಫೋನು ಮಾಡಿದ, ಎತ್ತಲಿಲ್ಲ. ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಹೋದವರು ಸಾಲಿನಲ್ಲಿ ಬಗ್ಗಿದಾಗ ಎದುರಿಗೆ ಬಗ್ಗಿದ ಬೆನ್ನುಗಳೆಲ್ಲ ಕಂಡು, ನಡುವೆಯೇ ಎದ್ದು ಹೊರಗೆ ಬಂದರು. ಅಲ್ಲಿಂದ ಸೀದಾ ಬಂದೂಕು ಕಟ್ಟಿಕೊಂಡು ವಾಡಿಗೆ ಹೋದರು. ಏನಾಯಿತೆಂದು ಹೇಳದೆ, "ಗುರಿ ನೋಡು" ಎಂದಷ್ಟೇ ಹೇಳಿದರು.

ಕಾಶೀನಾಥ ಹಳೆಯ ಖಣಿಯಲ್ಲಿ ತಾನೇ ಒಂದು ಗುಂಡು ಹೊಡೆದ. ಗುಂಡು ಸುಣ್ಣದ ಗುರುತಿನಿಂದ ಎರಡು ಮೊಳ ಎಡಕ್ಕೆ ಕಲ್ಲು ಸಿಡಿಸಿತು.

"ನೋಡ್ರಿ, ನಾ ಹೇಳಿದ್ದೆ ಇಲ್ಲೋ. ಕಾಜು ಪೂರಾ ಸರದದ. ಇದು ಸರಿ ಇದ್ದಿದ್ರ ನೀವು ಇಟ್ಟಲ್ಲೇ ಬೀಳ್ತಿತ್ತು ಚಾಚಾ, ನಟ್ಟನಡುವ. ಹಂದಿ ತಪ್ಪಿಸ್ಕೊಂಡಿರಬೇಕು, ಅದರ ಪುಣ್ಯ."

ನಬೀಸಾಬರು ಖಣಿಯ ಕಲ್ಲಿನ ಮೇಲೆ ಕುಸಿದು ಕೂತರು. ಕಾಶೀನಾಥ ನೀರು ತರಲು ಓಡಿದ. ಅವನು ಮೇಲೆ ಹೋಗಿ ಬರುವಷ್ಟರಲ್ಲಿ ಅವರು ದುರ್ಬೀನನ್ನು ಬಂದೂಕಿನಿಂದ ಕಿತ್ತು ಕಲ್ಲಿನಿಂದ ಜಜ್ಜುತ್ತಿದ್ದರು. ಕಾಜಿನ ಪುಡಿ ಅಂಗೈಗೆ ಹತ್ತಿ ರಕ್ತ ಬರುತ್ತಿತ್ತು. ಕಾಶೀನಾಥ ಅವರ ಕೈ ಹಿಡಿದು ನಿಲ್ಲಿಸಿದ.

ಅವರು ವಾಪಸ್ಸಾಗುವಾಗ ಕೊಡ್ಲಿಯಲ್ಲಿ ನಿಂತರು. ಈ ಸಲ ಮನೆಯ ದಾರಿಯಿಂದಲೇ ಹೋದರು. ಸೂಗಪ್ಪನೂ ಇದ್ದ. ಅವರೇ ಹಾಸಿದ ಕಲ್ಲಿನ ಪಡಸಾಲೆಯಲ್ಲಿ ನಿಂತು, ಕೂಡಲು ಒಪ್ಪದೆ, ನಡೆದದ್ದನ್ನೆಲ್ಲ ಹೇಳಿದರು. ಸೇಡಂನ ಚೀಟಿ, ಹಳ್ಳದ ದಾರಿ, ಕಪ್ಪು ಬೆನ್ನು.

"ಹಂದಿ ಇರಲಿಲ್ಲ ತಂಗಿ. ಅಲ್ಲಿ ಹಂದೀನೇ ಇರಲಿಲ್ಲ. ನಿನ್ನ ಮ್ಯಾಲೇ ಇಟ್ಟಿದ್ದೆ."

ಮಹಾದೇವಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರ ಹಾಗೇ ನಿಂತಿತು. ಒಂದು ಕೈ ತಾನಾಗಿ ಬೆನ್ನ ಹಿಂದೆ ಹೋಗಿ, ಪಕ್ಕೆಲುಬಿನ ಕೆಳಗೆ ಒಂದು ಜಾಗ ಹುಡುಕಿ ಅಲ್ಲೇ ಉಳಿಯಿತು.

ಮಾತಾಡಿದವನು ಸೂಗಪ್ಪ. ಮೊದಲು ಅವನ ಮುಖ ಕೆಂಪಾಯಿತು, ಕೈ ಎತ್ತುವವನ ಹಾಗೆ ಎದ್ದ. ಆಮೇಲೆ ಹೊಲದ ಕಡೆ ನೋಡಿ ನಿಟ್ಟುಸಿರು ಬಿಟ್ಟು, "ಆಗಿದ್ದು ಆಗಿಹೋತು ನಬೀಸಾಬ್ರ. ದೇವರು ಕಾಯ್ದ. ಯಾರ ಮುಂದೂ ಅನಬ್ಯಾಡ್ರಿ, ಲೈಸೆನ್ಸ್ ಹೋಗ್ತದ. ಬಸವಣ್ಣನ ಆಣಿ, ನಾನೂ ಅನಂಗಿಲ್ಲ. ನಾಳೆ ಸಂಜೀಗಿ ಬರ್ರಿ. ಇಕಿ ಮನ್ಯಾಗೇ ಇರ್ತಾಳ, ನಾ ಬಾಗಲಾ ಹಾಕ್ತೀನಿ. ಹಂದಿ ಇನ್ನಾ ಅವ" ಎಂದ.

ಮಹಾದೇವಮ್ಮ ಗಂಡನನ್ನು ನೋಡಿದಳು. ಗುಂಡಿನ ಸದ್ದಿಗೆ ಬಾರದ ಭಯ ಆಗ ಅವಳ ಮುಖಕ್ಕೆ ಬಂತು ಎಂದು ನಬೀಸಾಬರು ಆಮೇಲೆ ಹೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಸುಲೇಪೇಟಕ್ಕೆ ಬಂದಳು. ನಬೀಸಾಬರು ಬಚ್ಚಲಲ್ಲಿದ್ದರು. ಅವಳು ನಜಮುನ್ನೀಸಾಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿ, ಕೊನೆಗೆ, "ಅಕ್ಕಾ, ಅಣ್ಣನ ಮ್ಯಾಲ ನನಗ ಸಿಟ್ಟಿಲ್ಲ. ಬಂದು ಹೇಳ್ಯಾರ, ಹೇಳದಿದ್ರ ಯಾರಿಗಿ ಗೊತ್ತಾಗ್ತಿತ್ತು. ಆದ್ರ ಆ ಬಂದೂಕ ಮನ್ಯಾಗ ಇತ್ತಂದ್ರ ನಮ್ಮಾಂವ ಕರಿತಾನ, ಇವರು ಹೋಗ್ತಾರ" ಎಂದಳು.

ನಜಮುನ್ನೀಸಾ ಎದ್ದು ಲೈಸೆನ್ಸು ಪುಸ್ತಕ ತೆಗೆದಳು. ರಟ್ಟಿನೊಳಗಿಂದ ನಾಲ್ಕು ಮಡಿಕೆಯ ಚೀಟಿ ಜಾರಿ ಬಿತ್ತು. ಬಚ್ಚಲಿನಿಂದ ಬಂದ ಗಂಡನ ಮುಂದೆ ಎರಡನ್ನೂ ಇಟ್ಟು, "ಎರಡೂ ಇವತ್ತೇ" ಎಂದಳು. "ಮೊದಲ ಠಾಣೆ. ಆಮ್ಯಾಲ ಕಲಬುರಗಿ."

ಆ ದಿನವೇ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಿದರು. ಯಾಕೆ ಎಂದು ಪೊಲೀಸಿನವರು ಕೇಳಿದಾಗ ನಬೀಸಾಬರು ಕಣ್ಣು ಕಾಣುವುದಿಲ್ಲ ಎಂದರು. ಮಹಾದೇವಮ್ಮ ಠಾಣೆಯ ಬಾಗಿಲ ತನಕ ಬಂದು, ಅಲ್ಲಿಂದ ತಿರುಗಿ ತನ್ನ ಬಸ್ಸಿಗೆ ಹೋದಳು. ಕಲಬುರಗಿಯಲ್ಲಿ ಕೊಟ್ಟ ತಾರೀಖಿನಂತೆ ಆಪರೇಶನ್ ಎರಡು ವಾರದ ಮೇಲೆ ಆಯಿತು. ಆ ರಾತ್ರಿಯೆಲ್ಲ ಅವರು ಅಣ್ಣ ಚಾಂದನ ಹೆಸರು ಬಡಬಡಿಸಿದರು. ಪಟ್ಟಿ ಬಿಚ್ಚಿದಾಗ ಆಸ್ಪತ್ರೆಯ ಗೋಡೆಯ ಬಿರುಕು, ನಜಮುನ್ನೀಸಾಳ ಮುಖದ ಗೆರೆಗಳು ಎಲ್ಲ ಒಮ್ಮೆಗೇ ಎದ್ದು ಬಂದವು. ಅವರು ಅತ್ತರು. ನರ್ಸು ಖುಷಿಗೆ ಅಳುತ್ತಾರೆ ಎಂದುಕೊಂಡಳು.

ಈಗ ಅವರು ಮತ್ತೆ ನೆಲ ಹಾಸುತ್ತಾರೆ. ಚಿಂಚೋಳಿಯ ಆ ಮನೆಗೆ ಹೋಗಿ, ಬೇಡವೆಂದರೂ ಕೇಳದೆ, ಸೊಟ್ಟ ಸಾಲನ್ನು ಕಿತ್ತು ಕೂಲಿಯಿಲ್ಲದೆ ಹೊಸದಾಗಿ ಹಾಸಿಕೊಟ್ಟರು. ಕಣ್ಣು ಸರಿಯಾಗಿದೆಯಲ್ಲ, ಬಂದೂಕು ಬಿಡಿಸಿಕೊಂಡು ಬನ್ನಿ ಎಂದು ಮೂರು ಊರಿನವರು ಬಂದು ಕೇಳಿದರು. ಅವರು ಚಹಾ ಕುಡಿಸಿ ಕಳಿಸಿದರು.

ಸೂಗಪ್ಪ ಈ ವರ್ಷ ತಾಂಡೂರಿನ ಕಡೆಯಿಂದ ಬೇರೊಬ್ಬ ಬಂದೂಕಿನವನನ್ನು ಕರೆಸಿದ್ದಾನೆ. ಮೂವತ್ತು ದಾಟದ ಗಂಡಸು. ಫೋನಿನಲ್ಲಿ ನೋಡಿ ತರಿಸಿದ ಹೊಸ ದುರ್ಬೀನು ಅವನ ಬಂದೂಕಿನ ಮೇಲಿದೆ. ಅವನು ಯಾರ ಮನೆಯಲ್ಲೂ ಚಹಾ ಕುಡಿಯುವುದಿಲ್ಲ, ಹೊತ್ತು ಮುಳುಗುವ ಹೊತ್ತಿಗೆ ಸೀದಾ ಅಟ್ಟಣಿಗೆ ಹತ್ತುತ್ತಾನೆ. ನಬೀಸಾಬರು ಒಮ್ಮೆ ಅವನನ್ನು ಕಂಡು ಮಾತಾಡಲು ಹೋಗಿದ್ದರು. ಅವನು ಪೂರ್ತಿ ಕೇಳದೆ, "ನನ್ನ ಕಣ್ಣು ಛಲೋ ಅವ ತಾತಾ" ಎಂದು ನಕ್ಕ.

ಮೊನ್ನೆ ಕೊಡ್ಲಿಯಲ್ಲಿ ಕೆಲಸ ಮುಗಿಸಿ ಬರುವಾಗ ಸಂಜೆಯಾಗಿತ್ತು. ಸೂಗಪ್ಪನ ತೊಗರಿ ಮತ್ತೆ ಆಳೆತ್ತರ ನಿಂತಿದೆ. ಹೊಲದ ಒಳಗಿನಿಂದ ಹೆಂಗಸಿನ ಧ್ವನಿ ಕೇಳಿ ನಬೀಸಾಬರು ಬೈಕು ನಿಲ್ಲಿಸಿದರು. ಗಿಡಗಳ ನಡುವೆ ಏನೂ ಕಾಣುತ್ತಿರಲಿಲ್ಲ. ಮಹಾದೇವಮ್ಮ ಎಮ್ಮೆಗೆ ಮೇವು ಕೊಯ್ಯುತ್ತಿದ್ದಳು. ಹತ್ತು ಹೆಜ್ಜೆಗೊಮ್ಮೆ ಕುಡಗೋಲು ನಿಲ್ಲಿಸಿ, ಯಾರೂ ಕೇಳದಿದ್ದರೂ, ಗಟ್ಟಿಯಾಗಿ ಕೂಗುತ್ತಿದ್ದಳು.

"ಮನಷ್ಯಾಳು ಇದೀನ್ರೀ! ನಾ ಮನಷ್ಯಾಳು ಇದೀನಿ!"

ಆ ಧ್ವನಿ ಮನೆಯ ಕಡೆ ತಿರುಗುವ ತನಕ ಅವರು ದಾರಿಯಲ್ಲೇ ನಿಂತಿದ್ದರು.